ಪೇಷೆಂಟ್ ಕಡೆಯವರು ಕೇಳುವ ಪ್ರಶ್ನೆಗಳು: ಚಿಕಿತ್ಸೆಯಲ್ಲಿ ಯಾವುದು ಸರಿ, ಯಾವುದು ತಪ್ಪು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ರೋಗಿಗಳು ಮತ್ತು ಅವರ ಮನೆಯವರು ಓಪಿಡಿಯಲ್ಲಿ, ವಾರ್ಡಿನ ಹೊರಗೆ, ಮಹಿಳಾ ಸಂಘದ ಸಭೆಗಳಲ್ಲಿ, ಪತ್ರಗಳಲ್ಲಿ ಡಾಕ್ಟರಾದ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಸರು, ಊರು ತೆಗೆದಿದ್ದೇನೆ.

ಇವನ್ನು ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ರೋಗಿಗಳಲ್ಲ, ರೋಗಿಯ ಕಡೆಯವರು. ವಾರ್ಡಿನಲ್ಲಿ ನಾವು ಕೂಗುವುದೂ ಹಾಗೇ: "ಹದಿನಾಲ್ಕನೇ ಬೆಡ್ ಪೇಷೆಂಟ್ ಕಡೆಯವರು ಯಾರ್ರೀ?" ಬೆಡ್ಡಿನ ಮೇಲೆ ಎಚ್ಚರವಾಗಿ ಮಲಗಿದವರನ್ನು ಬಿಟ್ಟು ಹೊರಗೆ ಕಾಫಿ ಕುಡಿಯುತ್ತಿರುವವರನ್ನು ಹುಡುಕುತ್ತೇವೆ. ನನ್ನ ಉತ್ತರಗಳು ಬೆಡ್ಡಿನ ಮೇಲಿರುವವರ ಕಡೆಗೆ ಸ್ವಲ್ಪ ವಾಲಿದ್ದರೆ ಅದು ಬೇಕೆಂದೇ.

## ಮೊದಲ ಸಲ ಬಂದವರು ಕೇಳುವುದು

ಡಾಕ್ಟ್ರನ್ನ ಜಾಸ್ತಿ ಪ್ರಶ್ನೆ ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ವಾ?

ಕೆಲವರು ಮಾಡಿಕೊಳ್ಳುತ್ತಾರೆ. ಆದರೂ ಕೇಳಿ. ಕಾಯಿಲೆ ಏನು, ಈ ಮಾತ್ರೆ ಯಾತಕ್ಕೆ, ಎಷ್ಟು ದಿನ, ಬೇರೆ ದಾರಿ ಇದೆಯಾ, ಸುಮಾರು ಎಷ್ಟು ಖರ್ಚಾಗುತ್ತದೆ. ಇಷ್ಟನ್ನು ಕೇಳುವ ಹಕ್ಕು ನಿಮಗಿದೆ, ಹೇಳುವ ಜವಾಬ್ದಾರಿ ನಮಗಿದೆ. ಓಪಿಡಿಯಲ್ಲಿ ನಿಮ್ಮ ಹಿಂದೆ ಉದ್ದ ಸಾಲು ಇರುತ್ತದೆ, ನಿಜ. ಹಾಗಾಗಿ ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ ಇಬ್ಬರಿಗೂ ಅನುಕೂಲ. ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುತ್ತೇವೆ ಎನ್ನುವುದೂ ಅವಮಾನದ ಮಾತಲ್ಲ. ಅದಕ್ಕೆ ಸಿಟ್ಟಾಗುವ ಡಾಕ್ಟರ ಬಗ್ಗೆ ನನಗೇ ಅನುಮಾನ.

ಇಂಜೆಕ್ಷನ್ನೂ ಹಾಕಲಿಲ್ಲ, ಗ್ಲೂಕೋಸೂ ಹಾಕಲಿಲ್ಲ. ಮತ್ತೆ ಫೀಸ್ ಯಾತಕ್ಕೆ?

ಏನು ಬೇಡ ಎಂದು ತೀರ್ಮಾನಿಸಿದ್ದಕ್ಕೆ. ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಗ್ಲೂಕೋಸ್, ಉಳಿದದ್ದು ನೀರು. ಬಾಯಲ್ಲಿ ಕುಡಿಯುವ ಶಕ್ತಿ ಇದ್ದವರಿಗೆ ಒಂದು ಚೊಂಬು ಪಾನಕ ಅಷ್ಟೇ ಕೆಲಸ ಮಾಡುತ್ತದೆ, ಸೂಜಿಯ ನೋವೂ ಇಲ್ಲ. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಪ್ರಯೋಜನವಿಲ್ಲ. ಸುಮ್ನೆ ಕೊಡುತ್ತಾ ಹೋದರೆ ನಿಜವಾಗಿ ಬೇಕಾದ ದಿನ ಆ ಔಷಧಿ ಕೆಲಸ ಮಾಡುವುದಿಲ್ಲ.

"ನಾನು ಹಾಕದಿದ್ದರೆ ಪಕ್ಕದ ಬೀದಿಗೆ ಹೋಗಿ ಹಾಕಿಸಿಕೊಳ್ಳುತ್ತಾರೆ" ಎಂದು ನಮ್ಮಲ್ಲೇ ಎಷ್ಟೋ ಜನ ಹೇಳುವುದುಂಟು. ಅದು ಸಬೂಬು ಅಷ್ಟೇ. ಒಂದೇ ಇಂಜೆಕ್ಷನ್ನಿಗೆ ಮಂಡಿನೋವು, ದಮ್ಮು, ಸುಸ್ತು ಎಲ್ಲಾ ಹೋಯಿತು ಎಂದರೆ ಅದರಲ್ಲಿ ಸ್ಟಿರಾಯ್ಡ್ ಇತ್ತಾ ಎಂದು ಕೇಳಿ. ಸಕ್ಕರೆ ಕಾಯಿಲೆ ಇರುವವರಂತೂ ಕೇಳಲೇಬೇಕು.

ಆಪರೇಷನ್‌ಗೆ ಸೈನ್ ಹಾಕಿಸ್ಕೊಂಡ್ರು. ಇನ್ನು ಏನಾದ್ರೂ ಆದ್ರೆ ನಾವು ಕೇಳೋ ಹಾಗಿಲ್ವಾ?

ಕೇಳಬಹುದು. ಸೈನ್ ಹಾಕಿದಿರಿ ಎಂದರೆ "ಇದರಲ್ಲಿ ಇಂಥಿಂಥ ಅಪಾಯ ಇದೆ ಎಂದು ಗೊತ್ತಾಯಿತು, ಆದರೂ ಮಾಡಿ" ಎಂದು ಒಪ್ಪಿದಿರಿ ಎಂದಷ್ಟೇ. "ಅಜಾಗರೂಕತೆಯಿಂದ ಮಾಡಿದರೂ ಪರವಾಗಿಲ್ಲ" ಎಂದು ಒಪ್ಪಿದ ಹಾಗಲ್ಲ.

ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಕೇಸಿದೆ. ದೆಹಲಿಯ ಸಮೀರಾ ಕೊಹ್ಲಿ ಎಂಬುವರಿಗೆ 1995ರಲ್ಲಿ ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಅನಸ್ತೇಶಿಯಾ ಕೊಟ್ಟಿದ್ದರು. ಅವರು ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಡಾಕ್ಟರು ಹೊರಗೆ ಕೂತಿದ್ದ ಅವರ ತಾಯಿಯನ್ನು ಕೇಳಿ, ಒಪ್ಪಿಗೆ ಪಡೆದು, ಗರ್ಭಕೋಶ, ಅಂಡಾಶಯಗಳನ್ನೆಲ್ಲ ತೆಗೆದುಬಿಟ್ಟರು. ಆಗ ಅವರಿಗೆ 44 ವರ್ಷ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2008ರಲ್ಲಿ ಕೋರ್ಟು ಹೇಳಿದ್ದಿಷ್ಟು: ರೋಗಿ ವಯಸ್ಕಳು, ಸ್ವಲ್ಪ ಹೊತ್ತು ಕಾದಿದ್ದರೆ ಎಚ್ಚರವಾಗುತ್ತಿದ್ದಳು, ತಕ್ಷಣ ಪ್ರಾಣ ಹೋಗುವ ಸ್ಥಿತಿಯೂ ಇರಲಿಲ್ಲ. ಹಾಗಿರುವಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಪರೀಕ್ಷೆಗೆ ಕೊಟ್ಟ ಸೈನ್ ಆಪರೇಷನ್ನಿಗೆ ಆಗಿಬರುವುದಿಲ್ಲ.

ಆ ಡಾಕ್ಟರ ಲೆಕ್ಕಾಚಾರ ಏನಿತ್ತೋ, "ಹೇಗೂ ತೆಗೆಯಬೇಕು, ಎರಡು ಸಲ ಯಾಕೆ ಕುಯ್ಯೋದು" ಎಂಬ ಮಾತು ಆಪರೇಷನ್ ಥಿಯೇಟರಿನಲ್ಲಿ ಅಪರೂಪವಲ್ಲ. ಅದರಲ್ಲಿ ಕಾಳಜಿಯೂ ಇರುತ್ತದೆ. ಆದರೆ ಕುಯ್ಯುವುದು ಯಾರ ಹೊಟ್ಟೆಯನ್ನು ಎಂಬುದು ಮರೆತುಹೋಗಿರುತ್ತದೆ.

ನಮ್ಮಮ್ಮನಿಗೆ ತೆಲುಗು ಬಿಟ್ರೆ ಬೇರೆ ಬರಲ್ಲ. ಫಾರಂ ಇಂಗ್ಲಿಷಲ್ಲಿತ್ತು. ಹೆಬ್ಬೆಟ್ಟು ಒತ್ತಿದ್ದು ನಡೆಯತ್ತಾ?

ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಅತ್ತ ಪಾವಗಡ, ಎಲ್ಲಾ ಕಡೆಯಿಂದ ಇದೇ ಪ್ರಶ್ನೆ. ಕೆಜಿಎಫ್‌ನವರಾದರೆ ತಮಿಳು. ಅರ್ಥವಾಗದ ಭಾಷೆಯ ಫಾರಂ ಮೇಲೆ ಒತ್ತಿದ ಹೆಬ್ಬೆಟ್ಟಿಗೆ ಬೆಲೆ ಕಮ್ಮಿ. ರೋಗಿಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಬೇಕು, ವಿವರಿಸಿದ್ದೇವೆ ಎಂದು ಬರೆದು ಒಬ್ಬ ಸಾಕ್ಷಿಯ ಸಹಿಯನ್ನೂ ಹಾಕಿಸಬೇಕು.

ವಿವರಿಸಿದ ಮೇಲೆ "ಅರ್ಥ ಆಯ್ತಾ" ಎಂದು ಕೇಳಿದರೆ ಉಪಯೋಗವಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. "ಏನು ಮಾಡ್ತಾರಂತೆ, ನೀವೇ ಒಂದ್ಸಲ ಹೇಳಿ" ಎನ್ನಬೇಕು. ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಬಂದ ಅಜ್ಜಿಯನ್ನು ಹಾಗೆ ಕೇಳಿ ನೋಡಿ. "ರಾಯಿ ತೀಸ್ತಾರಂಟ" ಎನ್ನುತ್ತಾರೆ, ಕಲ್ಲು ತೆಗೀತಾರಂತೆ ಎಂದು. ನಿಜಕ್ಕೂ ಆ ಆಪರೇಷನ್ನಿನಲ್ಲಿ ತೆಗೆಯುವುದು ಇಡೀ ಪಿತ್ತಕೋಶವನ್ನೇ. ಸೈನು, ಸಾಕ್ಷಿ ಎಲ್ಲಾ ಸರಿಯಾಗಿದ್ದರೂ ಆ ಅಜ್ಜಿ ಒಪ್ಪಿದ್ದು ಬೇರೆ ಆಪರೇಷನ್ನಿಗೆ.

ಹೆಂಡತಿ ಆಪರೇಷನ್‌ಗೆ ಗಂಡನ ಸೈನ್ ಬೇಕೇ ಬೇಕಾ?

ಇಲ್ಲ. ಹದಿನೆಂಟು ದಾಟಿ, ಪ್ರಜ್ಞೆಯಲ್ಲಿದ್ದು, ಅರ್ಥ ಮಾಡಿಕೊಳ್ಳಬಲ್ಲ ಹೆಂಗಸಿನ ಸೈನ್ ಸಾಕು. ಸಂತಾನಹರಣ ಆಪರೇಷನ್ನಿಗೂ ಅಷ್ಟೇ, ಗರ್ಭಪಾತಕ್ಕೂ ಅಷ್ಟೇ. ಆಸ್ಪತ್ರೆಯವರು ಗಂಡನ ಸೈನ್ ಕೇಳುವುದು ನಾಳೆ ಆತ ಬಂದು ಗಲಾಟೆ ಮಾಡಿಯಾನು ಎಂಬ ಭಯಕ್ಕೆ. ಗಂಡನಿಗೂ ವಿಷಯ ತಿಳಿದಿದ್ದರೆ ಒಳ್ಳೆಯದೇ. ಆದರೆ ಅವನ ಸೈನಿಗಾಗಿ ಕಾದು ಚಿಕಿತ್ಸೆ ನಿಲ್ಲಿಸುವುದು ತಪ್ಪು.

## ತುರ್ತು, ದುಡ್ಡು, ಕಾಗದ

ಹೈವೇಲಿ ಆಕ್ಸಿಡೆಂಟ್ ಆದವರನ್ನ ನಾವು ಕರ್ಕೊಂಡು ಹೋದ್ರೆ ಪೊಲೀಸ್ ಕೇಸು ನಮ್ಮ ತಲೆ ಮೇಲೆ ಬರತ್ತಾ?

ಬರುವುದಿಲ್ಲ. ಈ ಭಯಕ್ಕೆ ತುಮಕೂರಿನ 48ನೇ ಹೆದ್ದಾರಿ, ಕೋಲಾರದ 75, ಚಿಕ್ಕಬಳ್ಳಾಪುರದ 44, ಮೂರರಲ್ಲೂ ಜನ ಸುತ್ತ ನಿಂತು ನೋಡುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಇಂಥವರ ರಕ್ಷಣೆಗೇ ಇದೆ. ಗಾಯಾಳುವನ್ನು ಬಿಟ್ಟು ನೀವು ಹೊರಡಬಹುದು. ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯ ಮಾಡುವಂತಿಲ್ಲ, ಅಡ್ವಾನ್ಸ್ ಕಟ್ಟಿ ಎಂದು ನಿಮ್ಮನ್ನು ಕೇಳುವಂತಿಲ್ಲ.

ಆಸ್ಪತ್ರೆಯವರು "ಎಂಎಲ್‌ಸಿ, ಅಂದರೆ ಪೊಲೀಸ್ ಕೇಸು, ಮೊದಲು ಪೊಲೀಸರು ಬರಲಿ" ಎಂದರೆ ಅದೂ ತಪ್ಪು. ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರಾಣ ಉಳಿಸುವ ಕೆಲಸ ಮೊದಲು, ಪೊಲೀಸ್ ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಕೇಸಿನಲ್ಲಿ 1989ರಲ್ಲೇ ಹೇಳಿದೆ. ಕೇಂದ್ರ ಸರ್ಕಾರದ 2025ರ ಯೋಜನೆಯಲ್ಲಿ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಇದೆ. ಬಿಲ್ಲಿನ ಕೌಂಟರಿನಲ್ಲಿ ಈ ಮಾತನ್ನು ನೀವೇ ಎತ್ತಬೇಕಾಗಬಹುದು.

ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸಬಹುದಾ?

ತುರ್ತು ಇದ್ದಾಗ ಖಂಡಿತ ಇಲ್ಲ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಆದದ್ದು ಬಹಳ ಜನಕ್ಕೆ ನೆನಪಿದೆ. ಹೆರಿಗೆ ನೋವಿನಲ್ಲಿ ಬಂದ ಬಡ ಹೆಂಗಸನ್ನು ಈ ಎರಡು ಕಾರ್ಡ್ ಇಲ್ಲವೆಂದು ಸರ್ಕಾರಿ ಆಸ್ಪತ್ರೆಯಿಂದ ವಾಪಸ್ ಕಳಿಸಿದರೆಂಬ ಆರೋಪ ಬಂತು. ಮನೆಯಲ್ಲೇ ಹೆರಿಗೆಯಾಗಿ ಆಕೆಯೂ ಸತ್ತರು, ಅವಳಿ ಕೂಸುಗಳೂ ಸತ್ತವು. ಸಿಬ್ಬಂದಿ ಅಮಾನತಾದರು. ಕಾರ್ಡು ಬೇಕಾಗಿರುವುದು ಲೆಕ್ಕಕ್ಕೆ, ಯೋಜನೆಯ ದುಡ್ಡಿಗೆ. ಹೆರಿಗೆ ಮಾಡಿಸಲು ಕಾರ್ಡು ಬೇಕಿಲ್ಲ. ಬಾಗಿಲಲ್ಲಿ ತಡೆದರೆ ಡ್ಯೂಟಿ ಡಾಕ್ಟರನ್ನೇ ಕರೆಯಿರಿ ಎಂದು ಪಟ್ಟು ಹಿಡಿಯಿರಿ. ಎಷ್ಟೋ ಸಲ "ಇಲ್ಲ" ಎನ್ನುವವರಿಗೆ ಹಾಗೆನ್ನುವ ಅಧಿಕಾರವೇ ಇರುವುದಿಲ್ಲ.

ಬಿಲ್ ಪೂರ್ತಿ ಕಟ್ಟೋವರೆಗೂ ಬಾಡಿ ಕೊಡಲ್ಲ ಅಂತಾರೆ. ಏನು ಮಾಡೋದು?

ಹಾಗೆ ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಕೆಪಿಎಂಇ ಅನ್ನುತ್ತಾರಲ್ಲ, ಅದಕ್ಕೆ 2017ರಲ್ಲಿ ಆದ ತಿದ್ದುಪಡಿಯಲ್ಲಿ ಇದು ಸ್ಪಷ್ಟವಾಗಿದೆ: ಹೆಣವನ್ನು ಕೊಡಬೇಕು, ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ದೂರು ಹೋಗಬೇಕಾದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ. ಅದರ ಕೆಲಸ ನೋಡುವವರು ಜಿಲ್ಲಾ ಆರೋಗ್ಯಾಧಿಕಾರಿ. ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯವರಿಗೆ ಹೇಳಬೇಕು, ನಿಮ್ಮ ಊರಿನ ಜಿಲ್ಲೆಯವರಿಗಲ್ಲ.

ಬಾಕಿ ಬಾಕಿಯೇ, ಅದು ಮನ್ನಾ ಆಗುವುದಿಲ್ಲ. ಆದ್ದರಿಂದ ದಾಖಲಾಗುವ ದಿನವೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆ ಆಸ್ಪತ್ರೆ ಯೋಜನೆಯಲ್ಲಿದೆಯಾ ಎಂದು ಮೊದಲೇ ಕೇಳಿಬಿಡಿ.

ಇದೇ ಲ್ಯಾಬಲ್ಲಿ ಮಾಡಿಸಿ, ಅದೇ ಮೆಡಿಕಲ್ಸಲ್ಲಿ ತಗೊಳ್ಳಿ ಅಂತಾರೆ. ಕಮಿಷನ್ ಇರತ್ತಾ?

ಕೆಲವು ಕಡೆ ಇರುತ್ತದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ದುಡ್ಡು ತೆಗೆದುಕೊಳ್ಳುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳು ನಿಷೇಧಿಸಿವೆ. ಲ್ಯಾಬಿನ ಕಮಿಷನ್ ಇರಲಿ, ಸ್ಕ್ಯಾನಿಂಗ್ ಸೆಂಟರಿನ ಕವರ್ ಇರಲಿ, ದೊಡ್ಡಾಸ್ಪತ್ರೆಗೆ ಕಳಿಸಿದ್ದಕ್ಕೆ ಪರ್ಸೆಂಟೇಜ್ ಇರಲಿ, ಎಲ್ಲವೂ ಒಂದೇ. ಪರೀಕ್ಷೆ ಬೇಕಾಗಿದ್ದೇ ಆದರೂ ತಪ್ಪು ತಪ್ಪೇ, ಯಾಕೆಂದರೆ ಆ ದುಡ್ಡು ಸೇರುವುದು ನಿಮ್ಮ ಬಿಲ್ಲಿಗೆ.

ಎಲ್ಲಿ ಬೇಕಾದರೂ ಮಾಡಿಸುವ, ಎಲ್ಲಿ ಬೇಕಾದರೂ ಕೊಳ್ಳುವ ಸ್ವಾತಂತ್ರ್ಯ ನಿಮಗಿದೆ. "ಆ ಲ್ಯಾಬಿನ ರಿಪೋರ್ಟ್ ಮೇಲೆ ನನಗೆ ನಂಬಿಕೆ" ಎಂದು ಡಾಕ್ಟರು ಹೇಳುವುದು ಕೆಲವೊಮ್ಮೆ ಪ್ರಾಮಾಣಿಕವೇ. "ಬೇರೆ ಕಡೆ ಮಾಡಿಸಿದರೆ ನೋಡಲ್ಲ" ಎಂದರೆ ಅಲ್ಲಿ ಏನೋ ಇದೆ.

ಹುಷಾರಾದ್ಮೇಲೆ ಖುಷಿಗೆ ಏನಾದ್ರೂ ಕೊಟ್ರೆ ತಪ್ಪಾ?

ಶ್ರೀನಿವಾಸಪುರದವರು ಸುಗ್ಗಿಯಲ್ಲಿ ಒಂದು ಚೀಲ ಮಾವಿನ ಹಣ್ಣು ತಂದು ಮೇಜಿನ ಪಕ್ಕ ಇಟ್ಟರೆ ಬೇಡ ಎನ್ನುವ ಧೈರ್ಯ ನನಗಿಲ್ಲ. ನರ್ಸುಗಳಿಗೆ, ಆಯಾಗಳಿಗೆ ಹಂಚಿ ತಿನ್ನುತ್ತೇವೆ. ಚಿಕಿತ್ಸೆ ಮುಗಿದ ಮೇಲೆ ಬಂದ ಹಣ್ಣು ಬೇರೆ, ಚಿಕಿತ್ಸೆಗೆ ಮುಂಚೆ ಬಂದ ಕವರ್ ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ "ಗಂಡಾದ್ರೆ ಇಷ್ಟು, ಹೆಣ್ಣಾದ್ರೆ ಇಷ್ಟು" ಎಂದು ಕೇಳುತ್ತಾರಲ್ಲ, ಅದಕ್ಕೆ ಖುಷಿ ಎಂದು ಹೆಸರಿಟ್ಟರೂ ಅದು ಲಂಚವೇ. ಲೋಕಾಯುಕ್ತಕ್ಕೆ ದೂರು ಕೊಡಬಹುದು.

## ಗುಟ್ಟಿನ ವಿಷಯಗಳು

ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ. ಗಡ್ಡೆ ಅಂತ ಹೇಳಿ ಸಾಕು. ತಪ್ಪಾ?

ಇದಕ್ಕಿಂತ ಜಾಸ್ತಿ ಸಲ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ಕೇಳುವವರು ಕೆಟ್ಟವರಲ್ಲ. ಮಗ ಬಾಗಿಲು ಹಾಕಿಕೊಂಡು ಒಳಗೆ ಬರುತ್ತಾನೆ, ಕಣ್ಣಲ್ಲಿ ನೀರಿರುತ್ತದೆ. "ಗೊತ್ತಾದ್ರೆ ಎದೆ ಒಡೆದುಕೊಂಡು ಬಿಡ್ತಾರೆ ಸಾರ್" ಎನ್ನುತ್ತಾನೆ.

ಆದರೆ ಮುಂದೇನಾಗುತ್ತದೆ ನೋಡಿ. ಅಪ್ಪನನ್ನು ಕಿದ್ವಾಯಿಗೆ ಕರೆದುಕೊಂಡು ಹೋಗುತ್ತಾರೆ. ಕಿದ್ವಾಯಿ ಎಂದರೆ ಯಾವ ಕಾಯಿಲೆಗೆ ಎಂದು ಮಾಲೂರಿನ ಶಾಲೆ ಮಕ್ಕಳಿಗೂ ಗೊತ್ತು. ಕೂದಲು ಉದುರುತ್ತದೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ದಾಯಾದಿ ಕಿತ್ತಲೆ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾನೆ. ಅಪ್ಪನಿಗೆ ಎಲ್ಲಾ ಗೊತ್ತಾಗುತ್ತದೆ. ಗೊತ್ತಾಗಿದೆ ಎಂದು ಮಗನಿಗೆ ಹೇಳುವುದಿಲ್ಲ, ಅವನು ನೊಂದುಕೊಳ್ಳುತ್ತಾನೆ ಎಂದು. ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ನಾಟಕವಾಡುತ್ತಾ ಕೊನೆಯ ತಿಂಗಳುಗಳನ್ನು ಕಳೆಯುತ್ತಾರೆ. ಜಮೀನಿನ ಭಾಗ, ಬ್ಯಾಂಕಿನ ಸಾಲ, ಕಿರಿಮಗಳ ಮದುವೆ ಬಗ್ಗೆ ಆತ ಹೇಳಬೇಕೆಂದಿದ್ದ ಮಾತು ಹಾಗೇ ಉಳಿದುಬಿಡುತ್ತದೆ.

ಹಾಗಂತ ಹೋದ ತಕ್ಷಣ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿಲ್ಲ. 2002ರ ನೀತಿ ನಿಯಮಗಳೂ ಇದನ್ನು ನಾಜೂಕಾಗಿಯೇ ಹೇಳುತ್ತವೆ: ಕಾಯಿಲೆಯ ಗಂಭೀರತೆಯನ್ನು ದೊಡ್ಡದು ಮಾಡಬಾರದು, ಚಿಕ್ಕದೂ ಮಾಡಬಾರದು. ನಾನು ಮೊದಲು ರೋಗಿಯನ್ನೇ ಒಂದು ಮಾತು ಕೇಳುತ್ತೇನೆ. "ರಿಪೋರ್ಟ್ ಬಂದ್ಮೇಲೆ ಎಲ್ಲಾ ನಿಮಗೇ ಹೇಳ್ಲಾ, ಅಥವಾ ಮಗನ ಹತ್ರ ಮಾತಾಡ್ಲಾ?" ಪರೀಕ್ಷೆಗೆ ಕಳಿಸುವ ಮುಂಚೆಯೇ ಇದನ್ನು ಕೇಳಬೇಕು, ರಿಪೋರ್ಟ್ ಕೈಗೆ ಬಂದ ಮೇಲಲ್ಲ. "ನನಗೇ ಹೇಳಿ, ಅವನು ಚಿಕ್ಕವನು" ಎನ್ನುವವರಿದ್ದಾರೆ. "ನಂಗೇನೂ ಬೇಡ ಸಾಮಿ, ಅವನಿಗೇ ಹೇಳಿ" ಎನ್ನುವವರೂ ಇದ್ದಾರೆ. ಎರಡನೆಯದೂ ಅವರದೇ ತೀರ್ಮಾನ, ಅದನ್ನೂ ಒಪ್ಪಬೇಕು. ಮಗ ಅಪ್ಪನ ಪರವಾಗಿ ತೀರ್ಮಾನಿಸುವುದಕ್ಕೂ, ಅಪ್ಪನೇ ಮಗನಿಗೆ ಬಿಟ್ಟುಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಮನೆಯವರಿಗೆ ನಾನು ಕೊಡುವ ಮಾತು ಒಂದೇ. ನಾನಾಗಿ ಹೋಗಿ ಹೇಳುವುದಿಲ್ಲ. ಆದರೆ ಅವರೇ ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ.

ಮದುವೆಗೆ ಮುಂಚೆ ಹುಡುಗನ ಎಚ್‌ಐವಿ ರಿಪೋರ್ಟ್ ತೋರ್ಸಿ ಅಂದ್ರೆ ಆಸ್ಪತ್ರೆಯವರು ಕೊಡಲ್ಲ. ನಮ್ಮ ಹುಡುಗಿ ಗತಿ?

ಕೊಡುವಂತಿಲ್ಲ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. ನಿಮ್ಮ ಭಯವೂ ನ್ಯಾಯವೇ. ದಾರಿ ಏನೆಂದರೆ, ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಅವರವರೇ ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದು. ಅಲ್ಲಿ ಉಚಿತ. ಹುಡುಗಿಯನ್ನೂ ಪರೀಕ್ಷೆ ಮಾಡಿಸಿ ಎಂದಾಗ ಎಷ್ಟೋ ಮನೆಗಳಲ್ಲಿ ಸಿಟ್ಟು ಬರುತ್ತದೆ. ಯಾಕೆ ಬರಬೇಕೋ ಗೊತ್ತಿಲ್ಲ.

ಈಗಾಗಲೇ ಗಂಡ ಹೆಂಡತಿ ಆಗಿದ್ದು, ಸೋಂಕಿರುವವರು ಸಂಗಾತಿಗೆ ಹೇಳಲು ಒಪ್ಪುತ್ತಿಲ್ಲ ಎಂದರೆ ಕಾಯ್ದೆ ಒಂದು ಕಿಂಡಿ ಬಿಟ್ಟಿದೆ. ಮೊದಲು ಕೌನ್ಸೆಲಿಂಗ್ ಮಾಡಬೇಕು. ಸಂಗಾತಿಗೆ ನಿಜಕ್ಕೂ ಅಪಾಯವಿದೆ, ಇವರಾಗಿ ಹೇಳುವುದಿಲ್ಲ ಎಂದು ಡಾಕ್ಟರಿಗೆ ಖಾತ್ರಿಯಾಗಬೇಕು. "ನಾನು ಹೇಳುತ್ತೇನೆ" ಎಂದು ಅವರಿಗೆ ಮುಂಚೆ ತಿಳಿಸಬೇಕು. ಆಮೇಲೆ ಹೇಳಬಹುದು. ಸಂಗಾತಿಗೆ ಮಾತ್ರ, ಅತ್ತೆ ಮಾವನಿಗಲ್ಲ. ಇನ್ನು ಕೇಸ್ ಶೀಟಿನ ಮೇಲೆ ಎಲ್ಲರಿಗೂ ಕಾಣುವಂತೆ ಕೆಂಪು ಇಂಕಿನಲ್ಲಿ ಬರೆಯುವ ಅಭ್ಯಾಸ ಇನ್ನೂ ಯಾರಿಗಾದರೂ ಇದ್ದರೆ, ಅದು ಡಂಗುರ ಸಾರಿದ ಹಾಗೇ.

ನಮ್ಮ ಹುಡುಗಿಗೆ ಇನ್ನೂ ಹದಿನೇಳು. ಬಸುರಿ. ಊರಲ್ಲಿ ಯಾರಿಗೂ ಗೊತ್ತಾಗದ ಹಾಗೆ ತೆಗೆಸಬಹುದಾ?

ಪತ್ರದಲ್ಲಿ ಬಂದ ಪ್ರಶ್ನೆ. ಹೆಸರಿಲ್ಲದ ಪತ್ರಗಳಲ್ಲಿ ಇದೇ ಜಾಸ್ತಿ. ಮೊದಲು ಮಾಡಬಾರದ್ದು: ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಮನೆಯಲ್ಲಿ ನುಂಗಿಸಬೇಡಿ, ಗುಟ್ಟಾಗಿ ಮಾಡುವವರ ಹತ್ತಿರ ಕರೆದೊಯ್ಯಬೇಡಿ. ರಕ್ತಸ್ರಾವವಾಗಿ ಕೈಮೀರಿದ ಮೇಲೆ ಆಸ್ಪತ್ರೆಗೆ ಬಂದವರನ್ನು ನೋಡಿದ್ದೇವೆ.

ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶವಿದೆ. 20 ವಾರದೊಳಗಾದರೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರದೊಳಗೆ ಇಬ್ಬರದು ಬೇಕು, ಹದಿನೆಂಟು ತುಂಬದವರಿಗೆ ಅಲ್ಲಿಯವರೆಗೂ ಅವಕಾಶವಿದೆ. ವಯಸ್ಸು ಕಮ್ಮಿ ಇರುವುದರಿಂದ ತಂದೆ ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು.

ತೊಡಕು ಇಲ್ಲಿ ಬರುತ್ತದೆ. ಹದಿನೆಂಟರ ಒಳಗೆ ಒಪ್ಪಿಗೆಯಿಂದಲೇ ಆಗಿದ್ದರೂ ಪೋಕ್ಸೋ ಕಾಯ್ದೆ ಅದನ್ನು ಅಪರಾಧವೆಂದೇ ನೋಡುತ್ತದೆ. ವಿಷಯ ಗೊತ್ತಾದ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಈ ಭಯಕ್ಕೇ ಮನೆಯವರು ಕಳ್ಳದಾರಿ ಹಿಡಿಯುತ್ತಾರೆ. 2022ರ ಸೆಪ್ಟೆಂಬರಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ನಡುದಾರಿ ಮಾಡಿದೆ: ಹುಡುಗಿ ಮತ್ತು ಪೋಷಕರು ಕೋರಿದರೆ, ಡಾಕ್ಟರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಾಗಿಲ್ಲ. ಬಂದ ಕೂಡಲೇ ಇದನ್ನು ಕೋರಿ.

ಇಷ್ಟೆಲ್ಲದರ ನಡುವೆ ಹುಡುಗಿಯನ್ನು ಒಬ್ಬಳೇ ಕೂರಿಸಿಕೊಂಡು ಮಾತಾಡಿಸುವುದು ಡಾಕ್ಟರ ಕೆಲಸ. ಹೇಗಾಯಿತು, ಯಾರಿಂದ, ಅವಳಿಗೆ ಏನು ಬೇಕು. ಅಮ್ಮ ಪಕ್ಕದಲ್ಲಿದ್ದರೆ ಕೆಲವು ಉತ್ತರಗಳು ಬರುವುದೇ ಇಲ್ಲ. ಮನೆಯೊಳಗಿನವರೇ ಕಾರಣವಾಗಿದ್ದರಂತೂ ಬರುವುದಿಲ್ಲ.

ಎರಡು ಹೆಣ್ಣಿವೆ. ಮೂರನೇದು ಏನು ಅಂತ ಸುಮ್ನೆ ಹೇಳಿ, ತೆಗೆಸಲ್ಲ. ಗಡಿಯಾಚೆ ಹೋದ್ರೆ ಹೇಳ್ತಾರಂತೆ?

ಹೇಳುವುದಿಲ್ಲ. ಆಂಧ್ರಕ್ಕೆ ಹೋದರೂ ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಅದೇ ಕೇಂದ್ರ ಕಾಯ್ದೆ. ಹೇಳಿದವರಿಗೂ ಜೈಲು, ಕೇಳಿದ ಮನೆಯವರಿಗೂ ಜೈಲು.

ವಾರ್ಡಲ್ಲಿ ರೋಗಿ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕ್ತಾರೆ. ಸರಿನಾ?

ಡಾಕ್ಟರು, ನರ್ಸು ಹಾಕಿದರೆ ನೀತಿ ನಿಯಮದ ಉಲ್ಲಂಘನೆ. ಗುರುತು ಸಿಗುವಂಥ ಫೋಟೋವನ್ನು ರೋಗಿಯ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕುವಂತಿಲ್ಲ. ಆದರೆ ಜಾಸ್ತಿ ಫೋಟೋ ಹಾಕುವವರು ನೋಡಲು ಬಂದ ನೆಂಟರೇ. ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ ದೊಡ್ಡಪ್ಪನ ಪಕ್ಕ ನಿಂತು ಸೆಲ್ಫಿ ತೆಗೆದು ಸ್ಟೇಟಸ್ ಹಾಕುವ ಮುಂಚೆ ದೊಡ್ಡಪ್ಪನನ್ನು ಒಂದು ಮಾತು ಕೇಳಿ.

## ಸುಲಭಕ್ಕೆ ಬಗೆಹರಿಯದವು

ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಹುಡುಗರು ಬಂದು ಬಂದು ಮುಟ್ಟಿ ನೋಡ್ತಾರೆ. ಬೇಡ ಅಂದ್ರೆ ಟ್ರೀಟ್‌ಮೆಂಟ್ ನಿಲ್ಲಿಸ್ತಾರಾ?

ನಿಲ್ಲಿಸುವಂತಿಲ್ಲ. ಮೂರು ಜಿಲ್ಲೆಗಳಲ್ಲೂ ಈಗ ಮೆಡಿಕಲ್ ಕಾಲೇಜುಗಳಿವೆ, ನಾಳಿನ ಡಾಕ್ಟರು ಕಲಿಯುವುದು ನಿಮ್ಮ ಹಾಸಿಗೆಯ ಪಕ್ಕದಲ್ಲೇ. ನಾವೆಲ್ಲ ಹಾಗೇ ಕಲಿತವರು. ಆದರೆ ಕಲಿಯಲು ಬಂದವರು ಹೆಸರು ಹೇಳಿ, ಕೇಳಿ ಮುಟ್ಟಬೇಕು. "ಈಗ ಬೇಡಪ್ಪಾ, ಸುಸ್ತಾಗಿದೆ" ಎನ್ನಬಹುದು. ಹೆಂಗಸರನ್ನು ಪರೀಕ್ಷಿಸುವಾಗ ಪರದೆ ಎಳೆದಿರಬೇಕು, ಜೊತೆಗೊಬ್ಬ ಹೆಂಗಸು ಇರಬೇಕು.

ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆ ಎಂದರೆ ಅದು ಬೇರೆ ಮಾತು. ಅದಕ್ಕೆ ಎಥಿಕ್ಸ್ ಕಮಿಟಿಯ ಅನುಮತಿ ಇರಬೇಕು, ನಿಮಗೆ ತಿಳಿಯುವ ಭಾಷೆಯಲ್ಲಿ ಕಾಗದ ಕೊಡಬೇಕು. ಪ್ರಯೋಗದಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಇದೆ ಎಂದು 2019ರ ನಿಯಮಗಳು ಹೇಳುತ್ತವೆ. ನಡುವೆ ಯಾವಾಗ ಬೇಕಾದರೂ ಬಿಟ್ಟು ಹೊರಡಬಹುದು.

ಅಣ್ಣನಿಗೆ ಕಿಡ್ನಿ ಕೊಡು ಅಂತ ಮನೆಯವರೆಲ್ಲ ನನ್ನ ಹಿಂದೆ ಬಿದ್ದಿದ್ದಾರೆ. ಇಷ್ಟ ಇಲ್ಲ ಅಂದ್ರೆ ನಾನು ಕೆಟ್ಟವಳಾ?

ಅಲ್ಲಮ್ಮ. ಅಂಗಾಂಗ ಕಸಿಯ ಕಾಯ್ದೆಯ ಪ್ರಕಾರ ಅಣ್ಣ, ತಂಗಿ, ತಂದೆ, ತಾಯಿ, ಮಕ್ಕಳು, ಗಂಡ, ಹೆಂಡತಿ, ಅಜ್ಜ, ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು, ಕೊಡಬಹುದು. ಕೊಡಲೇಬೇಕು ಎಂದು ಎಲ್ಲೂ ಇಲ್ಲ. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ತೆಗೆದುಕೊಳ್ಳುವವರಲ್ಲಿ ಗಂಡಸರು ಜಾಸ್ತಿ. ಇದು ಬರೀ ಪ್ರೀತಿಯಿಂದ ಆಗಿದ್ದು ಎಂದು ನಂಬುವುದು ನನಗೆ ಕಷ್ಟ.

ಕಸಿ ಮಾಡುವ ಆಸ್ಪತ್ರೆಯಲ್ಲಿ ನಿಮ್ಮೊಬ್ಬರನ್ನೇ ಕೂರಿಸಿ ಮಾತಾಡಿಸಬೇಕು. ಕೂರಿಸದಿದ್ದರೆ ನೀವೇ ಕೇಳಿ. ಅಲ್ಲಿ "ಇಷ್ಟವಿಲ್ಲ" ಎಂದರೆ ಮುಗಿಯಿತು. ಒಳ್ಳೆಯ ತಂಡವಾದರೆ ಹೊರಗೆ ಬಂದು "ಇವರ ಕಿಡ್ನಿ ಹೊಂದುವುದಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಇದು ಸುಳ್ಳಲ್ವಾ ಎಂದು ಕೇಳಬಹುದು. ಮೇಲೆ ಸುಳ್ಳು ಹೇಳುವುದಿಲ್ಲ ಎಂದವನೂ ನಾನೇ. ಇಲ್ಲಿ ಒಪ್ಪುತ್ತೇನೆ, ಯಾಕೆಂದರೆ ಆಕೆಯ ಮೈಯ ತೀರ್ಮಾನ ಆಕೆಯದು, ಅದರ ಕಾರಣ ಊರಿಗೆ ತಿಳಿಯಬೇಕಾಗಿಲ್ಲ. ಅಣ್ಣನಿಗೆ ಇನ್ನೊಂದು ದಾರಿಯೂ ಇದೆ. ಮೆದುಳು ಸತ್ತವರ ಅಂಗಗಳಿಗಾಗಿ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ಬರೆಸಬಹುದು. ಕಾಯುವುದು ಉದ್ದ.

ಡಾಕ್ಟ್ರ ತಪ್ಪಿನಿಂದಲೇ ಹೋದ್ರು ಅಂತ ನಮ್ಮ ಅನುಮಾನ. ಎಲ್ಲಿಗೆ ಹೋಗ್ಬೇಕು?

ಮೊದಲು ಕಾಗದ ಕೈಗೆ ತೆಗೆದುಕೊಳ್ಳಿ. ಕೇಸ್ ಶೀಟಿನ ಪ್ರತಿ ಬೇಕೆಂದು ಬರೆದುಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು. ಅದನ್ನು ಬೇರೆ ಊರಿನ, ಅದೇ ವಿಭಾಗದ ಡಾಕ್ಟರಿಗೆ ತೋರಿಸಿ. ಎಲ್ಲಾ ಸಾವೂ ತಪ್ಪಿನಿಂದ ಆಗುವುದಿಲ್ಲ, ಎಲ್ಲಾ ತಪ್ಪೂ ನಿರ್ಲಕ್ಷ್ಯವಲ್ಲ. ಸರಿಯಾಗಿ ಮಾಡಿದರೂ ಕೈಮೀರುವುದುಂಟು.

ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, 2 ವರ್ಷದೊಳಗೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಡಾಕ್ಟರ ನಡತೆಯ ಬಗ್ಗೆ ದೂರಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಪೊಲೀಸ್ ಕೇಸಿಗೆ ಮಟ್ಟ ಎತ್ತರದ್ದು. ತೀರಾ ಅತಿಯಾದ ನಿರ್ಲಕ್ಷ್ಯ ಇರಬೇಕು, ಮೊದಲು ಬೇರೆ ಡಾಕ್ಟರ ಸ್ವತಂತ್ರ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ.

ಕ್ಯಾಶುವಾಲಿಟಿಯ ಗಾಜು ಒಡೆಯುವುದು ಇದ್ಯಾವುದಕ್ಕೂ ಸಹಾಯ ಮಾಡುವುದಿಲ್ಲ. 2009ರ ಕರ್ನಾಟಕದ ಕಾಯ್ದೆಯಲ್ಲಿ ಅದು ಜೈಲಿಗೆ ದಾರಿ. ಜೊತೆಗೆ ಇನ್ನೊಂದು ಆಗುತ್ತದೆ, ಯಾರೂ ಹೇಳುವುದಿಲ್ಲ. ಒಂದು ಸಲ ಏಟು ತಿಂದ ತಾಲ್ಲೂಕಿನ ಡಾಕ್ಟರು ಮುಂದಿನ ಸೀರಿಯಸ್ ಕೇಸನ್ನು ಮುಟ್ಟದೆಯೇ "ಬೆಂಗಳೂರಿಗೆ ತಗೊಂಡು ಹೋಗಿ" ಎಂದು ಬರೆದುಬಿಡುತ್ತಾರೆ.

ಅಜ್ಜ ವೆಂಟಿಲೇಟರ್ ಮೇಲಿದ್ದಾರೆ, ಉಳಿಯಲ್ಲ ಅಂತಾರೆ. ಮನೇಲೇ ಪ್ರಾಣ ಹೋಗ್ಲಿ ಅಂತ ಕರ್ಕೊಂಡು ಹೋಗ್ಬಹುದಾ? ಪಾಪ ಬರತ್ತಾ?

ಈಗ ನಡೆಯುತ್ತಿರುವುದು ಹೀಗೆ. ಮನೆಯವರು "ನಮ್ಮ ಇಷ್ಟದ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ" ಎಂದು ಬರೆದುಕೊಡುತ್ತಾರೆ. ಬೆಂಗಳೂರಿನಿಂದ ಮುಳಬಾಗಿಲಿನವರೆಗೆ ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ಕೂತು ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗನ್ನು ಒತ್ತುತ್ತಾ ಬರುತ್ತಾನೆ. ಮನೆ ಮುಂದೆ ಇಳಿಸಿ, ಬಾಯಿಗೆ ತುಳಸಿ ನೀರು ಬಿಟ್ಟ ಮೇಲೆ ನಳಿಗೆ ತೆಗೆಯುತ್ತಾರೆ. ಮನೆಯಲ್ಲಿ ಹೋಗಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ತಪ್ಪು ಏನೆಂದರೆ, ಆ ಕೊನೆಯ ಗಂಟೆಗಳಲ್ಲಿ ಉಸಿರುಕಟ್ಟುವ ಸಂಕಟಕ್ಕೆ, ನೋವಿಗೆ ಯಾವ ಔಷಧಿಯನ್ನೂ ಕೊಟ್ಟು ಕಳಿಸುವುದಿಲ್ಲ. ಅದನ್ನು ಕೇಳಿ ಪಡೆಯಿರಿ. ಕ್ಯಾನ್ಸರಿನ ಕೊನೆಯ ಹಂತದವರಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತ ಆರೈಕೆ ಇದೆ.

ಆಸ್ಪತ್ರೆಯಲ್ಲೇ ಯಂತ್ರ ನಿಲ್ಲಿಸಲು ಕಾನೂನು ದಾರಿಯಿದೆ. ಸುಪ್ರೀಂ ಕೋರ್ಟಿನ 2018ರ ತೀರ್ಪು, ಅದನ್ನು ಸರಳ ಮಾಡಿದ 2023ರ ಆದೇಶ ಇದಕ್ಕೆ ಆಧಾರ. ಗುಣವಾಗುವ ಆಸೆ ಇಲ್ಲವೆಂದು ಮೂವರು ಡಾಕ್ಟರ ಒಂದು ಮಂಡಳಿ, ಆಮೇಲೆ ಇನ್ನೊಂದು ಮಂಡಳಿ ಹೇಳಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿದೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ಅವಕಾಶವಿಲ್ಲ. ಸಾವನ್ನು ಎಳೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕಷ್ಟೇ ಅವಕಾಶ. ಪಾಪದ ಮಾತು ನನ್ನ ಕೆಲಸದ್ದಲ್ಲ. ನನ್ನ ಮನೆಯವರಾಗಿದ್ದರೆ ಹಾಗೆ ನಿಲ್ಲಿಸಲು ಒಪ್ಪುತ್ತಿದ್ದೆ ಎಂದಷ್ಟೇ ಹೇಳಬಲ್ಲೆ.

ನನಗೆ ಹಾಗಾಗೋದು ಬೇಡ. ಈಗಲೇ ಬರೆದಿಡಬಹುದಾ?

ಬರೆದಿಡಬಹುದು. ಈ ಪಟ್ಟಿಯಲ್ಲಿ ರೋಗಿಯೇ ತನ್ನ ಬಗ್ಗೆ ಕೇಳಿದ ಕೆಲವೇ ಪ್ರಶ್ನೆಗಳಲ್ಲಿ ಇದೊಂದು, ಕೇಳಿದವರು ಒಬ್ಬ ನಿವೃತ್ತ ಮೇಷ್ಟ್ರು. ಹದಿನೆಂಟು ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಯಾವ ಚಿಕಿತ್ಸೆ ಬೇಡ, ಯಾವ ಸ್ಥಿತಿಯಲ್ಲಿ ಬೇಡ ಎಂದು ಬಿಡಿಸಿ ಬರೆಯಿರಿ. "ವೆಂಟಿಲೇಟರ್ ಬೇಡ" ಎಂದು ಒಂದೇ ಸಾಲು ಬರೆದರೆ ಮೂರು ದಿನದ ನ್ಯುಮೋನಿಯಾಕ್ಕೂ ಬೇಡವಾ ಎಂಬ ಗೊಂದಲವಾಗುತ್ತದೆ. ನಿಮ್ಮ ಪರವಾಗಿ ಮಾತಾಡುವವರು ಯಾರೆಂದು ಹೆಸರಿಸಿ, ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಒಂದು ಪ್ರತಿ ಹೆಸರಿಸಿದವರ ಹತ್ತಿರ, ಒಂದು ನಿಮ್ಮ ಡಾಕ್ಟರ ಹತ್ತಿರ, ಒಂದು ಸ್ಥಳೀಯ ಸಂಸ್ಥೆಯ ಅಧಿಕಾರಿಯ ಹತ್ತಿರ ಇರಲಿ. ಬೀರುವಿನಲ್ಲಿ ಜಮೀನಿನ ಪತ್ರದ ಜೊತೆ ಇಡಬೇಡಿ, ಅದು ಸಿಗುವುದು ತಿಥಿ ಮುಗಿದ ಮೇಲೆ.